ಮತದ ಹೊರಗಿನ ಭಕ್ತಿ

ದೇವರನ್ನು ನಂಬುವುದು ಬೇರೆ, ಒಂದು ಮತಕ್ಕೆ ಸೇರಿರುವುದು ಬೇರೆ. ಈ ಎರಡೂ ಸಾಮಾನ್ಯವಾಗಿ ಒಬ್ಬನಲ್ಲಿಯೇ ಕೂಡಿಕೊಂಡಿರುವುದರಿಂದ ಇವು ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಂಬಿಕೆಯು ಮನಸ್ಸಿನೊಳಗಿನ ವ್ಯಾಪಾರ. ಅದಕ್ಕೆ ಸಾಕ್ಷಿ ಬೇಕಿಲ್ಲ, ಸಂಗಡಿಗರೂ ಬೇಕಿಲ್ಲ. ಮತವೆಂಬುದಾದರೋ ಹಾಗಲ್ಲ. ಅದಕ್ಕೆ ಗ್ರಂಥವುಂಟು, ಗುರುಪೀಠವುಂಟು, ಹಬ್ಬಹುಣ್ಣಿಮೆಗಳುಂಟು, ಒಳಗಿನವರು ಯಾರು ಹೊರಗಿನವರು ಯಾರು ಎಂಬ ಲೆಕ್ಕವುಂಟು. ಮಗುವಿಗೆ ಹೆಸರಿಡುವುದರಿಂದ ಮೊದಲುಗೊಂಡು ಹೆಣವನ್ನು ಮಣ್ಣುಮಾಡುವವರೆಗೆ ಮನುಷ್ಯನ ಬಾಳಿನ ಮುಖ್ಯ ಸಂದರ್ಭಗಳೆಲ್ಲ ಅದರ ಕೈಯಲ್ಲಿವೆ. ಹೀಗಿರಲು, ಈ ಲೆಕ್ಕದಲ್ಲಿ ಯಾವ ಕಡೆಗೂ ಸೇರದೆ, ದೇವರನ್ನು ಮಾತ್ರ ನಂಬಿ ಬಾಳುವುದು ಸಾಧ್ಯವೇ? ಸಾಧ್ಯವಾದರೆ ಅಂಥವನು ತೆರಬೇಕಾದ ಬೆಲೆ ಏನು? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇದು ಪಶ್ಚಿಮ ದೇಶಗಳಿಂದ ಈಚೆಗೆ ಬಂದ ಪ್ರಶ್ನೆಯೆಂದು ಓದುಬಲ್ಲವರು ಅನೇಕರು ಎಣಿಸಿದ್ದಾರೆ. ಆದರೆ ನಮ್ಮ ಕನ್ನಡ ನಾಡಿನ ನಡುವಿನ ಒಂದು ಸೀಮೆಯಲ್ಲಿ ಈ ಪ್ರಶ್ನೆ ಬಹುಕಾಲದಿಂದ ಇದ್ದಿತು. ಅದಕ್ಕೆ ಉತ್ತರ ಕೊಟ್ಟವರೂ ಇದ್ದರು. ಉತ್ತರದಲ್ಲಿ ಗದಗು ಬೆಟಗೇರಿ, ಪಶ್ಚಿಮ ದಕ್ಷಿಣಗಳಿಗೆ ಲಕ್ಷ್ಮೇಶ್ವರ ಶಿರಹಟ್ಟಿಗಳು, ಪೂರ್ವಕ್ಕೆ ಮುಂಡರಗಿ, ನಡುವೆ ಕಪ್ಪತಗುಡ್ಡದ ಸಾಲು, ಕೆಳಗೆ ತುಂಗಭದ್ರೆ. ಸುತ್ತಲೂ ಹತ್ತಿ ಜೋಳ ಬೆಳೆಯುವ ಎರೆಯ ಭೂಮಿ. ಇದು ಇಂದಿನ ಗದಗು ಜಿಲ್ಲೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದುದು. ನಾವು ಹೇಳಲಿರುವ ಕಥೆಯ ಮುಖ್ಯ ಪುರುಷನು ಬಾಳಿದ ಊರು ಈ ಸೀಮೆಯ ಅಂಚಿಗೆ ಹತ್ತಿದ ಶಿಶುನಾಳ. ಅದು ಇಂದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದೆ. ಜಿಲ್ಲೆ ಬೇರೆಯಾದರೂ ಮಣ್ಣು ಒಂದೇ, ಮಾತು ಒಂದೇ, ಸಂತೆ ಜಾತ್ರೆಗಳೂ ಒಂದೇ.

ಮೊದಲು ಈ ನೆಲದಲ್ಲಿ ಮತಗಳ ಬಲ ಎಷ್ಟಿದ್ದಿತೆಂಬುದನ್ನು ನೋಡಬೇಕು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಊರುಗಳಲ್ಲಿ ಅದೊಂದು. ಪಂಪನು ತನ್ನ ಕಾವ್ಯದ ಭಾಷೆಗೆ ಮಾದರಿಯೆಂದು ಹೇಳಿಕೊಂಡುದು ಅಲ್ಲಿಯ ಕನ್ನಡವನ್ನೇ. ಆ ಊರು ಜೈನರ ದೊಡ್ಡ ಕೇಂದ್ರವಾಗಿದ್ದಿತು; ಶಂಖ ಬಸದಿ ಇಂದಿಗೂ ಅಲ್ಲಿದೆ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 11ನೆಯ ಶತಮಾನದ ಆರಂಭದಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಗದಗಿನ ತ್ರಿಕೂಟೇಶ್ವರವು ಕಾಳಾಮುಖ ಶೈವರ ಪ್ರಬಲ ಸ್ಥಾನ. ಹೊಯ್ಸಳ ಇಮ್ಮಡಿ ಬಲ್ಲಾಳನು 12ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಆಚಾರ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವನನ್ನು ಬಹುವಾಗಿ ಗೌರವಿಸಿ ದತ್ತಿ ಬಿಟ್ಟನು. ಅದೇ ಊರಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ತನ್ನ ಭಾರತವನ್ನು ರಚಿಸಿದನೆಂದು ಜನರು ಹೇಳುತ್ತಾರೆ. ಆದಿಲಶಾಹಿಯ ಕಾಲದಲ್ಲಿ ಲಕ್ಷ್ಮೇಶ್ವರದಲ್ಲಿ ಜುಮ್ಮಾ ಮಸೀದಿ ಎದ್ದಿತು. ಹೀಗೆ ಜಿನನೂ ಶಿವನೂ ವಿಷ್ಣುವೂ ಅಲ್ಲಾಹನೂ ಈ ಸೀಮೆಯಲ್ಲಿ ತಮ್ಮ ತಮ್ಮ ಮನೆಗಳನ್ನು ಕಟ್ಟಿಸಿಕೊಂಡರು.

ಈ ಮನೆಗಳ ನಡುವೆ ಯಾವಾಗಲೂ ಸಾಮರಸ್ಯವಿದ್ದಿತೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಪುಲಿಗೆರೆಯ ಸೋಮೇಶ್ವರನ ಕಥೆಯನ್ನೇ ತೆಗೆದುಕೊಳ್ಳಬಹುದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯನೆಂಬ ಶಿವಭಕ್ತನು ಅಲ್ಲಿಯ ಜೈನ ಕನ್ಯೆಯನ್ನು ಮದುವೆಯಾದನು. ಮಾವನ ಮನೆಯವರು ತನ್ನ ಜಂಗಮರನ್ನು ಅವಮಾನಿಸಿದುದಕ್ಕಾಗಿ ಪ್ರತಿಜ್ಞೆಮಾಡಿ, ಸೌರಾಷ್ಟ್ರದ ಸೋಮನಾಥನನ್ನೇ ಕರೆತಂದು ಬಸದಿಯಲ್ಲಿ ನೆಲೆಗೊಳಿಸಿದನು. ಹರಿಹರನು ಇದನ್ನು ರಗಳೆಯಲ್ಲಿ ಹಾಡಿದನು. ರಾಘವಾಂಕನು ಸೋಮನಾಥಚಾರಿತ್ರವೆಂಬ ಕಾವ್ಯವನ್ನೇ ಬರೆದನು. ಕಾವ್ಯದ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ಸಂಗತಿ ಇಷ್ಟು: ಒಂದು ಮನೆಯ ಊಟದ ಎಲೆಯ ಮುಂದೆ ಹುಟ್ಟಿದ ಜಗಳವು ದೇವಾಲಯದ ಜಗಳವಾಯಿತು. ದೇವರನ್ನು ನಂಬುವ ಎರಡು ಕುಟುಂಬಗಳು ದೇವರ ಹೆಸರಿನಿಂದಲೇ ಬೇರೆಯಾದವು.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವುಂಟು. ತ್ರಿಕೂಟೇಶ್ವರನ ಗುಡಿ ಇಂದಿಗೂ ನಿಂತಿದೆ, ಪೂಜೆಯೂ ನಡೆಯುತ್ತಿದೆ. ಆದರೆ ಅದನ್ನು ಆಳಿದ ಕಾಳಾಮುಖರ ಪರಂಪರೆ ಎಲ್ಲಿ? ಅವರ ಮಠಗಳು, ಅವರ ಪಾಠಶಾಲೆಗಳು, ಅವರ ದತ್ತಿಗಳು ಶಾಸನಗಳ ಅಕ್ಷರಗಳಲ್ಲಿ ಮಾತ್ರ ಉಳಿದಿವೆ. ಇನ್ನು, ಗುಡಿ ಪೂಜಾರಿಗಳ ಹಂಗನ್ನು ಹರಿದುಕೊಂಡು 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹೊರಟ ಶರಣರ ಚಳವಳಿಯು ಕೆಲವು ಶತಮಾನಗಳಲ್ಲಿಯೇ ಮಠಪೀಠಗಳುಳ್ಳ ಸಮಾಜವಾಗಿ ಬೆಳೆದು ನಿಂತಿತು. ಒಂದು ವ್ಯವಸ್ಥೆ ಅಳಿಯುವುದು, ಅದನ್ನು ವಿರೋಧಿಸಿದುದೇ ಇನ್ನೊಂದು ವ್ಯವಸ್ಥೆಯಾಗುವುದು, ಇದು ಈ ನೆಲದಲ್ಲಿ ಮತ್ತೆ ಮತ್ತೆ ನಡೆದ ಕ್ರಮ. ಇದನ್ನು ಕಣ್ಣಾರೆ ಕಂಡ ಜನರಿಗೆ, ದೇವರು ಹಳಬ, ಮತಗಳು ಹೊಸವು ಎಂಬ ತಿಳಿವು ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ಬಂದಿರಬೇಕು.

ಆ ತಿಳಿವಿನ ಗುರುತುಗಳು 17ನೆಯ ಶತಮಾನದಿಂದ ಈಚೆಗೆ ಸ್ಪಷ್ಟವಾಗಿ ಕಾಣುತ್ತವೆ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವೆಂಬ ಪ್ರಸಿದ್ಧ ಮಠವಿದೆ. ಹೆಸರಿನ ಮೊದಲ ಭಾಗ ಅರಬ್ಬಿ, ಎರಡನೆಯದು ಸಂಸ್ಕೃತ. ಮಠದ ಐತಿಹ್ಯ ಹೀಗಿದೆ: ಲಿಂಗವಂತ ದಂಪತಿಗಳು ಸಂತಾನಕ್ಕಾಗಿ ಬಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರನ್ನು ಬೇಡಿಕೊಂಡರು, ಅವರ ಅನುಗ್ರಹದಿಂದ ಹುಟ್ಟಿದ ಮಗುವು ಅವರ ಆಶ್ರಯದಲ್ಲಿಯೇ ಬೆಳೆದು, ಚನ್ನವೀರನೆಂದೂ ಫಕೀರನೆಂದೂ ಎರಡು ಹೆಸರು ಪಡೆದು, ಶಿರಹಟ್ಟಿಗೆ ಬಂದು ನೆಲೆಸಿದನು. ಅಮೀನುದ್ದೀನರು 1675ರಲ್ಲಿ ತೀರಿಕೊಂಡ ಐತಿಹಾಸಿಕ ವ್ಯಕ್ತಿ. ಬಿಜಾಪುರದಲ್ಲಿ ಅವರ ದರ್ಗಾ ಇದೆ. ಶಿರಹಟ್ಟಿಯ ಸ್ವಾಮಿಗಳು ಫಕೀರ ಎಂಬ ಹೆಸರನ್ನು ಇಂದಿಗೂ ಧರಿಸುತ್ತಾರೆ. ಮಠಕ್ಕೆ ಎರಡು ಮತದವರೂ ನಡೆದುಕೊಳ್ಳುತ್ತಾರೆ. ಶಿರಹಟ್ಟಿಗೆ ಸಮೀಪದ ವರವಿಯಲ್ಲಿ ಮೌನೇಶ್ವರನ ಸ್ಥಾನವಿದೆ. ಸುರಪುರ ಸೀಮೆಯ ತಿಂಥಣಿಯ ಈ ಸಂತನು ವಿಶ್ವಕರ್ಮ ಕುಲದಲ್ಲಿ ಹುಟ್ಟಿದವನು. ಹಿಂದುಗಳಿಗೆ ಮೋನಪ್ಪಯ್ಯ, ಮುಸಲ್ಮಾನರಿಗೆ ಮೌನುದ್ದೀನ. ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ಹರಕೆ ಹೊರುವ ಹಿಂದು ಒಕ್ಕಲಿಗರಿಗೆ ಲೆಕ್ಕವಿಲ್ಲ. ಮುಂಡರಗಿಯ ಸುತ್ತಿನ ಹಳ್ಳಿಗಳನ್ನೂ ಒಳಗೊಂಡು ಈ ಸೀಮೆಯಲ್ಲೆಲ್ಲ ಮೊಹರಮ್ಮು ಅಲಾವಿ ಹಬ್ಬವಾಗಿ ಊರ ಹಬ್ಬವೇ ಆಗಿದೆ. ಪಾಂಜಾ ಹೊರುವವನೂ ಹೆಜ್ಜೆ ಹಾಕುವವನೂ ಯಾವ ಜಾತಿಯವನೆಂದು ಕೇಳುವವರಿಲ್ಲ.

ಆದರೆ ಇದನ್ನೆಲ್ಲ ಮತದ ಹೊರಗಿನ ಭಕ್ತಿಯೆಂದು ಕರೆಯಬಹುದೆ? ನಾವು ಇಲ್ಲಿ ಸ್ವಲ್ಪ ಎಚ್ಚರದಿಂದ ಹೆಜ್ಜೆಯಿಡಬೇಕು. ದರ್ಗಾಕ್ಕೆ ಸಕ್ಕರೆ ಓದಿಸಿ ಮನೆಗೆ ಬಂದ ಒಕ್ಕಲಿಗನು ಮಗಳ ಮದುವೆಯನ್ನು ತನ್ನ ಜಾತಿಯಲ್ಲಿಯೇ ಮಾಡುತ್ತಾನೆ. ಅವನು ತನ್ನ ಮತದಿಂದ ಹೊರಬಂದಿಲ್ಲ. ಅದರ ಬಾಗಿಲನ್ನು ತೆರೆದಿಟ್ಟಿದ್ದಾನೆ, ಅಷ್ಟೆ. ಬಾಗಿಲು ತೆರೆದಿಡುವುದು ಒಳ್ಳೆಯ ಗುಣವೇ ಸರಿ. ಆದರೆ ಮನೆಯಿಂದ ಹೊರಬಂದು ಬಯಲಲ್ಲಿ ನಿಲ್ಲುವುದು ಬೇರೆ ಬಗೆಯ ಸಾಹಸ. ಹಾಗೆ ನಿಲ್ಲಲು ಹೊರಟವರಿಗೆ ಏನಾಯಿತೆಂಬುದಕ್ಕೆ ಬೆಟಗೇರಿಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿ, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ನೇಕಾರರ ಊರಾದ ಬೆಟಗೇರಿಗೂ ಬಂದರು. ಆ ಕಾಲದಲ್ಲಿ ಈ ಪ್ರಾಂತದಲ್ಲಿ ಕಾಲಜ್ಞಾನಿಗಳೆಂಬ ಜನರಿದ್ದರು. ಇವರು ಹೊರಗಿನ ನಡವಳಿಕೆಯಲ್ಲಿ ಲಿಂಗವಂತರು; ಒಳಗೆ ಕಾಲಜ್ಞಾನದ ವಚನಗಳನ್ನು ನಂಬಿ, ಮುಂದೆ ಒಬ್ಬ ಸತ್ಯಗುರು ಬರುವನು, ಜಾತಿ ವಿಗ್ರಹಗಳ ಕಾಟ ಮುಗಿಯುವುದು ಎಂದು ಕಾಯುತ್ತಿದ್ದವರು. ಪಶ್ಚಿಮದಿಂದ ಬಂದ ಪಾದ್ರಿಗಳು ಒಬ್ಬನೇ ದೇವರ ಮಾತನ್ನಾಡಿದಾಗ, ತಾವು ಕಾದುದು ಇವರಿಗಾಗಿಯೇ ಇರಬಹುದೆಂದು ಅವರಲ್ಲಿ ಕೆಲವರು ಮಿಶನ್ನಿನ ಬಾಗಿಲಿಗೆ ಬಂದರು. ಪಾದ್ರಿಗಳಿಗೆ ಅಪಾರ ಆಸೆ ಹುಟ್ಟಿತು. ಬೆಟಗೇರಿಗೆ ಸಮೀಪದ ಮಲ್ಲಸಮುದ್ರದಲ್ಲಿ ಹೊಸ ಕ್ರೈಸ್ತರಿಗಾಗಿ ಬೇಸಾಯದ ಒಂದು ವಸಾಹತನ್ನೂ ಏರ್ಪಡಿಸಿದರು. ಆದರೆ ದೀಕ್ಷಾಸ್ನಾನವೆಂದರೆ ಕುಲವನ್ನೂ ಬಳಗವನ್ನೂ ಬಿಟ್ಟು ಬೇರೊಂದು ಸಮಾಜಕ್ಕೆ ಹೆಸರು ಬರೆಯಿಸುವುದು ಎಂದು ತಿಳಿದೊಡನೆ ಬಂದವರಲ್ಲಿ ಬಹುಪಾಲು ಹಿಂದಕ್ಕೆ ಸರಿದರು. ಅವರ ಅಂಜುಬುರುಕುತನವನ್ನು ಕುರಿತು ಪಾದ್ರಿಗಳು ನೊಂದುಕೊಂಡರು. ನಮಗೆ ತೋರುವುದು ಬೇರೆ. ಅವರು ಬಯಸಿದುದು ದೇವರನ್ನು. ಅವರಿಗೆ ಕೊಡಲು ಬಂದುದು ಸದಸ್ಯತ್ವವನ್ನು. ಒಂದು ಮತದ ಗೋಡೆಯಿಂದ ಬಿಡುಗಡೆ ಬೇಡಿದವರಿಗೆ ಇನ್ನೊಂದು ಮತದ ಗೋಡೆಯೇ ಎದುರಾಯಿತು. ನಡುವಿನ ಬಯಲಲ್ಲಿ ನಿಲ್ಲುವ ದಾರಿಯನ್ನು ಅವರಿಗೆ ಯಾರೂ ತೋರಿಸಲಿಲ್ಲ.

ಈ ಪ್ರಸಂಗ ನಡೆದಾಗ ಶಿಶುನಾಳದ ಶರೀಫಸಾಹೇಬರಿಗೆ ಸುಮಾರು 22 ವರ್ಷ. ಅವರು ಹುಟ್ಟಿದುದು 1819ರಲ್ಲಿ. ತಂದೆ ಇಮಾಮಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಷಾವಲಿಯ ಕೃಪೆಯಿಂದ ಮಗು ಹುಟ್ಟಿತೆಂಬುದು ಮನೆಯವರ ನಂಬಿಕೆ. ತಂದೆಗೆ ಕುರಾನಿನಂತೆಯೇ ರಾಮಾಯಣ ಭಾರತಗಳಲ್ಲಿಯೂ ಶರಣರ ವಚನಗಳಲ್ಲಿಯೂ ಆದರವಿದ್ದಿತು. ಆತನು ಮಗನನ್ನು ಕಲಿಯಲು ಬಿಟ್ಟುದು ಕಳಸದ ಗೋವಿಂದಭಟ್ಟರಲ್ಲಿ. ಭಟ್ಟರು ಬ್ರಾಹ್ಮಣರು, ದೇವಿಯ ಉಪಾಸಕರು, ಮಡಿಮೈಲಿಗೆಯ ಕಟ್ಟನ್ನು ಲಕ್ಷಿಸದ ಸ್ವತಂತ್ರ ಪ್ರಕೃತಿಯವರು. ನಿನ್ನ ತಂದೆ ಯಾರೆಂದು ಗುರು ಕೇಳಿದಾಗ, ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂದು ಹುಡುಗನು ಉತ್ತರ ಕೊಟ್ಟನೆಂಬ ಕಥೆ ಆ ಸೀಮೆಯಲ್ಲಿ ಮನೆಮಾತಾಗಿದೆ. ನಡೆದುದು ಹಾಗೆಯೇ ಇರಲಿ, ಬೇರೆ ತರವಾಗಿರಲಿ, ಜನರು ಈ ಕಥೆಯನ್ನು ಬಿಡದೆ ಹೇಳಿಕೊಂಡು ಬಂದುದರಲ್ಲಿಯೇ ಒಂದು ಅರ್ಥವಿದೆ. ತಂದೆಯ ಹೆಸರನ್ನು ಕೇಳುವುದೆಂದರೆ ಕುಲವನ್ನು ಕೇಳುವುದು. ಹುಡುಗನ ಉತ್ತರವು ಆ ಪ್ರಶ್ನೆಯನ್ನು ಕುಲದಿಂದ ಎತ್ತಿ ದೇವರ ಕಡೆಗೆ ತಿರುಗಿಸಿತು.

ಶರೀಫರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲವು ಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಮನಸ್ಸು ನಿಲ್ಲದೆ ಅದನ್ನು ಬಿಟ್ಟು ಗುರುವಿನ ಬೆನ್ನುಹತ್ತಿದರು. ಕುಂದಗೋಳದ ಫಾತಿಮಾ ಎಂಬಾಕೆಯೊಡನೆ ಮದುವೆಯಾಯಿತು. ಒಂದು ಹೆಣ್ಣುಮಗುವಾದ ಮೇಲೆ ಆಕೆ ತೀರಿಕೊಂಡಳು. ಅಲ್ಲಿಂದ ಮುಂದೆ ಅವರ ಬಾಳು ಊರೂರು ಅಲೆಯುವ ಭಜನೆಯ ಬಾಳು. ಅದು ಸುಖದ ಕಾಲವೂ ಅಲ್ಲ. 1858ರಲ್ಲಿ ನರಗುಂದದಲ್ಲಿ ಬಂಡಾಯವೆದ್ದಿತು. ಮುಂಡರಗಿಯ ಭೀಮರಾಯನು ಅದೇ ವರ್ಷ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. 1876ರಿಂದ 1878ರವರೆಗಿನ ಮಹಾಕ್ಷಾಮವು ಧಾರವಾಡ ಪ್ರಾಂತವನ್ನು ಹಿಂಡಿಹಾಕಿತು. ರಾಜ್ಯವಾದರೂ ಒಂದೇ ಇರಲಿಲ್ಲ: ಗದಗು ಇಂಗ್ಲಿಷರದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಂದು ದಿನದ ಕಾಲ್ನಡಿಗೆಯಲ್ಲಿ ಮೂರು ಆಳ್ವಿಕೆಗಳನ್ನು ದಾಟುವ ಜನರಿಗೆ, ಗಡಿಗಳೆಂಬುವು ಮನುಷ್ಯರು ಎಳೆದ ಗೆರೆಗಳೆಂದು ಬೇರೆ ಹೇಳಬೇಕಾಗಿರಲಿಲ್ಲ.

ಶರೀಫರ ಹಾಡುಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರು ಯಾವ ಮತವನ್ನೂ ಬಯ್ಯುತ್ತ ಕುಳಿತುಕೊಳ್ಳುವುದಿಲ್ಲ. ಶಿವನನ್ನು ಹಾಡುತ್ತಾರೆ, ದೇವಿಯನ್ನು ಹಾಡುತ್ತಾರೆ, ಹುಲಗೂರಿನ ವಲಿಯನ್ನು ನೆನೆಯುತ್ತಾರೆ, ಮೊಹರಮ್ಮಿಗೆ ಅಲಾವಿ ಪದಗಳನ್ನು ಕಟ್ಟುತ್ತಾರೆ. ಹಾಡಿನ ಅಂಕಿತದಲ್ಲಿ ಬರುವ ದೇವರು ತಮ್ಮ ಊರಿನ ಒಡೆಯನಾದ ಶಿಶುನಾಳಾಧೀಶ; ಅವನ ಜೊತೆಗೆ ಮೇಲಿಂದ ಮೇಲೆ ಗುರು ಗೋವಿಂದನ ಹೆಸರು. ಸೋರುವ ಮಾಳಿಗೆ, ಕಾಲುಜಾರುವ ಮುದುಕಿ, ಕೋಳಿಯ ಬಾಯಿಗೆ ಬಿದ್ದ ಕೋಡಗ ಇವೇ ಅವರ ಉಪಮಾನಗಳು. ಇದನ್ನು ಕೇಳಿ ಅರ್ಥಮಾಡಿಕೊಳ್ಳಲು ಶಾಸ್ತ್ರಿಯೂ ಬೇಕಿಲ್ಲ, ಮೌಲ್ವಿಯೂ ಬೇಕಿಲ್ಲ. ಮಳೆಗಾಲದಲ್ಲಿ ಮಣ್ಣಿನ ಮೇಲ್ಮುದ್ದೆ ಸೋರುವುದನ್ನು ನೋಡಿದ ಯಾವ ಒಕ್ಕಲಿಗನಿಗಾದರೂ, ಮನಸ್ಸು ಸೋರುವುದೆಂದರೇನೆಂದು ತಿಳಿಯುತ್ತದೆ. ಮತದ ಪರಿಭಾಷೆಯನ್ನು ದಾಟಬೇಕಾದವನಿಗೆ ಮನೆಯ ಭಾಷೆಯೇ ಗತಿ ಎಂಬುದನ್ನು ಅವರು ಕಂಡುಕೊಂಡಿದ್ದರು.

ಇಲ್ಲಿ ಒಂದು ಆಕ್ಷೇಪವನ್ನು ತೆಗೆಯಬಹುದು. ಶರೀಫರು ಮತದ ಹೊರಗೆ ನಿಂತವರೆಂದು ಹೇಗೆ ಹೇಳುವುದು? ಎಲ್ಲ ಮತಗಳ ಒಳಗೂ ಇದ್ದವರೆಂದು ಹೇಳಿದರೆ ಸಾಲದೆ? ಆಕ್ಷೇಪವು ಯೋಚಿಸತಕ್ಕದ್ದು. ಆದರೆ ಮತವೊಂದಕ್ಕೆ ಸೇರಿರುವುದರ ಲಕ್ಷಣವೇನು? ಅಲ್ಲಿಯ ಹಿರಿಯರು ಇವನು ನಮ್ಮವನೆಂದು ಒಪ್ಪಬೇಕು. ಸೇರಿದವನು ಅವರ ಕಟ್ಟಳೆಗೆ ತಲೆಬಾಗಬೇಕು. ಗೋವಿಂದಭಟ್ಟರು ತಮ್ಮ ಕೊರಳಿನ ಜನಿವಾರವನ್ನೇ ಶರೀಫರಿಗೆ ತೊಡಿಸಿದರೆಂದು ಐತಿಹ್ಯ ಹೇಳುತ್ತದೆ. ಅದರಿಂದ ಶರೀಫರು ಬ್ರಾಹ್ಮಣರ ಪಂಕ್ತಿಗೆ ಸಲ್ಲಲಿಲ್ಲ. ಭಟ್ಟರೇ ತಮ್ಮವರ ನಿಂದೆಗೆ ಗುರಿಯಾದರು. ಶರೀಫರು ಗುಡಿಯ ಮುಂದೆ ಹಾಡಿದುದನ್ನು ಅವರ ಕಡೆಯ ಹಲವರು ಸಹಿಸಲಿಲ್ಲ. ಎಲ್ಲರ ಮನೆಯಲ್ಲಿಯೂ ಕುಳಿತುಕೊಳ್ಳಲು ಹೊರಟವನಿಗೆ ಯಾವ ಮನೆಯಲ್ಲಿಯೂ ಮಣೆ ಹಾಕುವವರಿರಲಿಲ್ಲ. ಆದ್ದರಿಂದ ಅವರಿದ್ದುದು ಹೊರಗೆಯೇ. ಆದರೆ ಅವರು ಹೊರಗೆ ಒಂಟಿಯಾಗಿರಲಿಲ್ಲ. ಅವರಿಗೆ ಗುರುವಿದ್ದನು, ಹಾಡಿಗೆ ದನಿಗೂಡಿಸುವ ಗೆಳೆಯರ ಗುಂಪಿದ್ದಿತು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಮೊದಲಾದ ಸಮಕಾಲೀನ ಸಾಧುಗಳು ಸುತ್ತಮುತ್ತ ಇದ್ದರು. ಈ ಮಾತನ್ನು ನಾವು ನೆನಪಿನಲ್ಲಿಡಬೇಕು. ಏಕೆಂದರೆ ಪಶ್ಚಿಮ ದೇಶದ ಇಂಥ ಪುರುಷರಿಗೂ ನಮ್ಮವರಿಗೂ ಇರುವ ಭೇದ ಇಲ್ಲಿಯೇ ಇದೆ.

ಇಂಗ್ಲೆಂಡಿನವನಾದ ಚರ್ಬರಿಯ ಹರ್ಬರ್ಟ್ ಪ್ರಭುವು 1624ರಲ್ಲಿ ಸತ್ಯವನ್ನು ಕುರಿತ ಒಂದು ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ದೇವರೊಬ್ಬನಿದ್ದಾನೆ, ಅವನನ್ನು ಪೂಜಿಸಬೇಕು, ಪೂಜೆಯ ಮುಖ್ಯಾಂಶ ಸದಾಚಾರ, ಪಾಪಕ್ಕೆ ಪಶ್ಚಾತ್ತಾಪ ಬೇಕು, ಸತ್ತ ಮೇಲೆ ಫಲವುಂಟು. ಈ ಐದು ಎಲ್ಲ ಮನುಷ್ಯರಿಗೂ ಸಹಜವಾದ ಅರಿವುಗಳೆಂದು ಹರ್ಬರ್ಟನು ವಾದಿಸಿದನು. ಈ ದಾರಿಯಲ್ಲಿ ಮುಂದೆ ಬಂದವರನ್ನು ಡೀಯಿಸ್ಟರೆನ್ನುತ್ತಾರೆ. ಅವರಲ್ಲಿ ಹೆಸರಾದವನು ಟಾಮಸ್ ಪೇನ್. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಲೇಖನಿ ಹಿಡಿದ ಆ ಮಹಾಪುರುಷನು, ದೇವರನ್ನು ನಂಬುತ್ತೇನೆ, ಚರ್ಚುಗಳನ್ನು ನಂಬಲಾರೆ ಎಂದು 1794ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾರಿದನು. ಅದರ ಫಲವೇನಾಯಿತು? 1809ರಲ್ಲಿ ಅವನು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ, ತಮ್ಮ ಸ್ಮಶಾನದಲ್ಲಿ ಸ್ಥಳಕೊಡಲು ಕ್ವೇಕರ ಪಂಥದವರು ಒಪ್ಪಲಿಲ್ಲ. ಬೆರಳೆಣಿಕೆಯಷ್ಟು ಜನರು ಸೇರಿ ಅವನ ಹೊಲದಲ್ಲಿಯೇ ಹೂಳಿದರು. ಹತ್ತು ವರ್ಷಗಳ ಮೇಲೆ, 1819ರಲ್ಲಿ, ವಿಲಿಯಂ ಕಾಬೆಟ್ ಎಂಬವನು ಆ ಎಲುಬುಗಳನ್ನು ಅಗೆದು ಇಂಗ್ಲೆಂಡಿಗೆ ಒಯ್ದನು. ಅಲ್ಲಿ ಅವು ಕಳೆದುಹೋದವು. ಎರಡು ದೇಶಗಳ ಬಿಡುಗಡೆಗೆ ದುಡಿದವನಿಗೆ ಒಂದು ಗೋರಿಯೂ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಇಂಗ್ಲಿಷ್ ಓದಿದವರು ಹಿಡಿದ ದಾರಿ ಇನ್ನೊಂದು. ರಾಜಾ ರಾಮಮೋಹನರಾಯರು 1828ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದ ಬ್ರಹ್ಮಸಮಾಜವು ನಿರಾಕಾರನಾದ ಒಬ್ಬ ದೇವರ ಉಪಾಸನೆಗೆ ಎಲ್ಲರನ್ನೂ ಕರೆಯಿತು. ನಮ್ಮ ಮಂಗಳೂರಿನಲ್ಲಿಯೂ 1870ರಲ್ಲಿ ಅದರ ಶಾಖೆ ಹುಟ್ಟಿತು. ಆದರೆ 1866ರಲ್ಲಿ ಒಮ್ಮೆ, 1878ರಲ್ಲಿ ಇನ್ನೊಮ್ಮೆ ಆ ಸಮಾಜವು ಒಡೆಯಿತು. ಸಭೆ, ಸದಸ್ಯರು, ನಿಯಮಾವಳಿಗಳೊಡನೆ ಅದೂ ಒಂದು ಮತವಾಯಿತು. ಮದುವೆಯ ಪ್ರಶ್ನೆ ಬಂದಾಗಲಂತೂ ವಿಚಿತ್ರವಾದ ಇಕ್ಕಟ್ಟು ಉಂಟಾಯಿತು. 1872ರ 3ನೆಯ ಕಾನೂನಿನ ಪ್ರಕಾರ ಮದುವೆಯಾಗಬೇಕಾದರೆ ವಧೂವರರು, ತಾವು ಹಿಂದುಗಳಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಪಾರಸಿಗಳಲ್ಲ, ಬೌದ್ಧ ಸಿಖ್ಖ ಜೈನರೂ ಅಲ್ಲ ಎಂದು ಬರೆದುಕೊಡಬೇಕಾಗಿದ್ದಿತು. ದೇವರನ್ನು ನಂಬಿದ ಜನರು ತಾವು ಏನು ಅಲ್ಲ ಎಂಬ ಪಟ್ಟಿಗೆ ರುಜು ಹಾಕಿ ಹೊಸ ಬಾಳನ್ನು ಆರಂಭಿಸಬೇಕಾಯಿತು. 1923ರ ತಿದ್ದುಪಡಿಯಿಂದ ಈ ಕಟ್ಟು ಕೆಲವರಿಗೆ ಸಡಿಲವಾಯಿತು. ಪೂರ್ಣವಾಗಿ ಹೋದುದು 1954ರ ವಿಶೇಷ ವಿವಾಹ ಕಾನೂನಿನಿಂದ.

ಈಗ ಶರೀಫಸಾಹೇಬರ ಕಡೆಗಾಲಕ್ಕೆ ಬರೋಣ. ಮತದ ಹೊರಗೆ ಬಾಳಿದವನಿಗೆ ನಿಜವಾದ ಪರೀಕ್ಷೆ ಸಾವಿನ ದಿನ ಬರುತ್ತದೆ. ಬದುಕಿರುವಾಗ ಅವನು ತನಗೆ ತಾನೇ ಯಜಮಾನ. ಸತ್ತೊಡನೆ ಶರೀರವು ಇತರರ ವಶವಾಗುತ್ತದೆ, ಇತರರು ತಮ್ಮ ಕಟ್ಟಳೆಯನ್ನು ಬಿಟ್ಟು ಬೇರೆ ಅರಿಯರು. ಶರೀಫರು 1889ರಲ್ಲಿ ತೀರಿಕೊಂಡರು. ಎರಡು ಕಡೆಯವರೂ ಬಂದು ನಿಂತರು. ಇವರು ನಮ್ಮವರೆಂದು ಇಬ್ಬರೂ ಹಕ್ಕು ಹೇಳಿದರು. ಕೊನೆಗೆ ಒಂದು ಕಡೆ ಕುರಾನಿನ ಪಠನವೂ ಇನ್ನೊಂದು ಕಡೆ ಜಂಗಮರ ವಿಧಿಯೂ ನಡೆದು, ಹುಟ್ಟಿದ ಊರಿನಲ್ಲಿಯೇ ಅವರನ್ನು ಸಮಾಧಿ ಮಾಡಿದರೆಂದು ಪರಂಪರೆ ಹೇಳುತ್ತದೆ. ಇದ್ದಾಗ ನಮ್ಮವನಲ್ಲವೆಂದು ಹೊರಗಿಟ್ಟವರೇ ಸತ್ತಾಗ ನಮ್ಮವನೆಂದು ಬಂದುದರಲ್ಲಿ ಲೋಕದ ರೂಢಿಯೂ ಇದೆ, ಒಂದು ವ್ಯಂಗ್ಯವೂ ಇದೆ. ಆದರೂ ಪೇನನ ಹೊಲದ ಗೋರಿಯ ಪಕ್ಕದಲ್ಲಿ ಶಿಶುನಾಳದ ಗದ್ದುಗೆಯನ್ನು ಇಟ್ಟು ನೋಡಿದಾಗ ಭೇದವು ಮನಸ್ಸಿಗೆ ತಟ್ಟದೆ ಇರದು. ಒಬ್ಬನನ್ನು ಹೂಳಲು ಯಾವ ಪಂಥವೂ ಮುಂದೆ ಬರಲಿಲ್ಲ. ಇನ್ನೊಬ್ಬರಿಗಾಗಿ ಎರಡು ಪಂಥಗಳು ಮುಂದೆ ಬಂದವು.

ಇದಕ್ಕೆ ಕಾರಣವೇನು? ಪೇನನು ಧೈರ್ಯದಲ್ಲಿ ಕಡಮೆಯಾದವನಲ್ಲ, ಬುದ್ಧಿಯಲ್ಲಿಯೂ ಅಲ್ಲ. ಅವನು ತರ್ಕದಿಂದ ಗೋಡೆಗಳನ್ನು ಕೆಡವಲು ಹೊರಟನು; ಗೋಡೆಯೊಳಗಿನ ಜನರು ಅದನ್ನು ತಮ್ಮ ಮೇಲಿನ ದಾಳಿಯೆಂದು ತಿಳಿದರು. ಶರೀಫರು ಗೋಡೆಗಳನ್ನು ಮುಟ್ಟಲಿಲ್ಲ. ಗೋಡೆಯ ಎರಡು ಕಡೆಗೂ ಕೇಳುವ ಹಾಗೆ ಹಾಡಿದರು. ಜನರ ಹಬ್ಬಕ್ಕೆ ಹೋದರು, ಜನರ ದುಃಖಕ್ಕೆ ಹೋದರು, ಅವರ ಮಾತಿನಲ್ಲಿಯೇ ಮಾತಾಡಿದರು. ಮತದ ಲೆಕ್ಕಕ್ಕೆ ಸೇರದಿದ್ದರೂ ಮಂದಿಯ ಲೆಕ್ಕಕ್ಕೆ ಸೇರಿದರು. ಒಂದು ಸಮಾಜವನ್ನೂ ಸ್ಥಾಪಿಸಲಿಲ್ಲ, ನಿಯಮಗಳನ್ನೂ ಬರೆಯಲಿಲ್ಲ, ಪೀಠಕ್ಕೆ ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ಅವರ ಹಿಂದೆ ಉಳಿದುದು ಹಾಡು ಮಾತ್ರ. ಆ ಹಾಡುಗಳು ಬಹುಕಾಲ ಏಕತಾರಿಯ ಮೇಲೆ, ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದವು. ಆಮೇಲೆ ಅಚ್ಚಾದವು, ಸಿ. ಅಶ್ವಥ್ ಅವರ ಕಂಠದಿಂದ ಪಟ್ಟಣದ ಮನೆಮನೆಗೂ ಮುಟ್ಟಿದವು, 1990ರಲ್ಲಿ ಟಿ.ಎಸ್. ನಾಗಾಭರಣರ ಚಲನಚಿತ್ರದಿಂದ ಇನ್ನೂ ದೂರ ಹರಡಿದವು. ಇಂದು ಶಿಶುನಾಳದಲ್ಲಿ ಗುರುಶಿಷ್ಯರಿಬ್ಬರ ಹೆಸರಿನಲ್ಲಿಯೂ ಜಾತ್ರೆ ನಡೆಯುತ್ತದೆ.

ಜಾತ್ರೆಯಿದ್ದಲ್ಲಿ ವ್ಯವಸ್ಥೆಯಿರಲೇಬೇಕು; ವ್ಯವಸ್ಥೆಯಿದ್ದಲ್ಲಿ ಕಾಣಿಕೆ, ಕಮಿಟಿ, ಹಕ್ಕುದಾರಿಕೆಗಳು ಬಾರದೆ ಇರವು. ಯಾವ ಮತಕ್ಕೂ ಸೇರದೆ ಬಾಳಿದವನ ಗದ್ದುಗೆಯೇ ಕಾಲಕ್ರಮದಲ್ಲಿ ಒಂದು ಮತವಾಗುವುದೋ ಎಂಬ ಅಂಜಿಕೆ ಸಹಜವಾದುದು. ಕಾಳಾಮುಖರ ಮತ್ತು ಶರಣರ ಇತಿಹಾಸವನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಬಹುಶಃ ಭಕ್ತಿಯು ನೀರಿನ ಹಾಗೆ. ಅದು ನಿಲ್ಲಬೇಕಾದರೆ ಪಾತ್ರೆ ಬೇಕು, ಹರಿಯಬೇಕಾದರೆ ಪಾತ್ರೆಯಿಂದ ಹೊರಗೆ ಬರಬೇಕು. ಶಿರಹಟ್ಟಿಯ ಮಠವು ಪಾತ್ರೆಯನ್ನು ಅಗಲಮಾಡಿತು. ಬೆಟಗೇರಿಯ ಕಾಲಜ್ಞಾನಿಗಳು ಹೊಸ ಪಾತ್ರೆಗೆ ಇಳಿಯಲು ಅಂಜಿ ಹಳೆಯದರಲ್ಲಿಯೇ ಉಳಿದರು. ಶರೀಫರೊಬ್ಬರು ಹರಿದರು.

ನಮ್ಮ ಕಾಲದಲ್ಲಿ ಈ ಪ್ರಶ್ನೆ ಮುಗಿದಿಲ್ಲ. ಅದರ ರೂಪ ಮಾತ್ರ ಬದಲಾಗಿದೆ. ಹಳ್ಳಿಯ ಹಿರಿಯರ ಸ್ಥಾನದಲ್ಲಿ ಇಂದು ಸರ್ಕಾರದ ನಮೂನೆಗಳಿವೆ. ಇಂಗ್ಲಿಷರ ಕಾಲದಲ್ಲಿ 1872ರಿಂದ ಆರಂಭವಾದ ಖಾನೇಷುಮಾರಿಯು ಪ್ರತಿಯೊಬ್ಬನ ಮತವನ್ನೂ ಕೇಳಿ ಬರೆದುಕೊಂಡಿತು. ಫಕೀರೇಶ್ವರನ ಒಕ್ಕಲು ಅಥವಾ ಮೌನೇಶ್ವರನ ಒಕ್ಕಲು ಎಂದು ಹೇಳಿಕೊಳ್ಳುವವನು ಆ ಪಟ್ಟಿಯಲ್ಲಿ ಯಾವುದಾದರೊಂದು ಅಂಕಣಕ್ಕೆ ಇಳಿಯಲೇಬೇಕಾಯಿತು. 2011ರ ಗಣತಿಯಲ್ಲಿ ಭಾರತದಾದ್ಯಂತ ಸುಮಾರು 28 ಲಕ್ಷ 67 ಸಾವಿರ ಜನರ ಮತ ನಮೂದಾಗಿಲ್ಲವೆಂದು ಲೆಕ್ಕವಿದೆ. ಅವರಲ್ಲಿ ನಾಸ್ತಿಕರೂ ಇರಬಹುದು, ಉದಾಸೀನರೂ ಇರಬಹುದು, ದೇವರನ್ನು ಗಾಢವಾಗಿ ನಂಬಿಯೂ ಯಾವ ಹೆಸರನ್ನೂ ಒಲ್ಲದವರೂ ಇರಬಹುದು. ಅಂಕಣವು ಖಾಲಿಯಾಗಿರುವುದನ್ನು ಮಾತ್ರ ಗಣತಿ ಬಲ್ಲದು. ಮನಸ್ಸು ಖಾಲಿಯೋ ತುಂಬಿದೆಯೋ ಎಂಬುದನ್ನು ಅದು ಬಲ್ಲುದಲ್ಲ.

ನಗರವಾಸಿಗಳಾದ ನಮ್ಮಲ್ಲಿ, ದೇವರು ಬೇಕು, ಮತ ಬೇಡ ಎನ್ನುವವರ ಸಂಖ್ಯೆ ಬೆಳೆಯುತ್ತಿದೆ. ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಅನೇಕ ವೇಳೆ ಅದು ಅಗ್ಗದ ಮಾತಾಗಿಬಿಡುತ್ತದೆ. ಗುಡಿಗೆ ಹೋಗುವ ಶ್ರಮವಿಲ್ಲ, ಮಸೀದಿಗೆ ಹೋಗುವ ನಿಯಮವಿಲ್ಲ, ನೆರೆಯವನ ಹಬ್ಬಕ್ಕೆ ಹೋಗುವ ಗೊಡವೆಯೂ ಇಲ್ಲ. ಮನೆಯೊಳಗೆ ಕುಳಿತು, ನಮಗೆ ಎಲ್ಲ ಮತಗಳೂ ಒಂದೇ ಎಂದರೆ ಮುಗಿಯಿತು. ಶರೀಫರ ಬಾಳು ಇಂಥ ವಿರಕ್ತಿಗೆ ಆಧಾರವಾಗಲಾರದು. ಅವರು ಒಂದು ಮತದ ಕರ್ತವ್ಯವನ್ನು ಬಿಟ್ಟು ಹಗುರವಾದವರಲ್ಲ. ಎರಡು ಮತಗಳ ಜನರ ಭಾರವನ್ನೂ ಹೊತ್ತವರು. ಮತದ ಹೊರಗೆ ನಿಲ್ಲುವ ಹಕ್ಕನ್ನು ಅವರು ಸಂಪಾದಿಸಿಕೊಂಡುದು ಹಾಗೆ.

ಆದುದರಿಂದ ಮೊದಲು ಎತ್ತಿದ ಪ್ರಶ್ನೆಗೆ ಈ ಸೀಮೆಯ ಇತಿಹಾಸವು ಕೊಡುವ ಉತ್ತರ ಇಷ್ಟು. ಮತವಿಲ್ಲದೆ ದೇವರನ್ನು ನಂಬಿ ಬಾಳುವುದು ಸಾಧ್ಯ. ಹಾಗೆ ಬಾಳಿದವರು ನಮ್ಮ ನಡುವೆಯೇ ಆಗಿಹೋಗಿದ್ದಾರೆ. ಆದರೆ ಮಂದಿಯಿಲ್ಲದೆ ಬಾಳುವುದು ಸಾಧ್ಯವಿಲ್ಲ. ಗೋಡೆಯಿಂದ ಹೊರಬಂದವನು ತನ್ನ ನೆರೆಹೊರೆಯನ್ನು ತಾನೇ ಕಟ್ಟಿಕೊಳ್ಳಬೇಕು, ಹಾಡಿನಿಂದಾಗಲಿ, ಸೇವೆಯಿಂದಾಗಲಿ, ಸ್ನೇಹದಿಂದಾಗಲಿ. ಶಿಶುನಾಳದ ಗದ್ದುಗೆಯ ಮುಂದೆ ಇಂದಿಗೂ ಒಬ್ಬನು ವಿಭೂತಿ ಹಚ್ಚಿಕೊಂಡು ನಿಲ್ಲುತ್ತಾನೆ, ಇನ್ನೊಬ್ಬನು ಟೊಪ್ಪಿಗೆ ಇಟ್ಟುಕೊಂಡು ನಿಲ್ಲುತ್ತಾನೆ. ಒಳಗೆ ಮಲಗಿರುವವನು ಯಾರವನೆಂದು ಅವರು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಆ ಕೇಳದಿರುವಿಕೆಯನ್ನು ಉಳಿಸಿಕೊಳ್ಳುವುದು ಓದುಬಲ್ಲ ನಮ್ಮ ಹೊಣೆ.